ಕಲರ್ ದೊಡ್ಡದೋ, ಸೀಕ್ವೆನ್ಸ್ ದೊಡ್ಡದೋ

1997ರ ನವೆಂಬರ್ 18, ಮಂಗಳವಾರ, ಬೆಳಗ್ಗೆ ಏಳು ಐವತ್ತು. ಸ್ಥಳ, ನಂಜನಗೂಡು ಪಟ್ಟಣದ ಅಂಚಿನಲ್ಲಿ ಟ್ರಸ್ಟ್ ಒಂದು ನಡೆಸುತ್ತಿದ್ದ ನಲವತ್ತು ಹಾಸಿಗೆಯ ಆಸ್ಪತ್ರೆಯ ಗಂಡಸರ ವಾರ್ಡು. ಹಾಜರಿದ್ದವರು ರಾತ್ರಿ ಪಾಳಿ ಮುಗಿಸಿ ಹೊರಡಲಿದ್ದ ನರ್ಸ್, ನೆಲ ಒರೆಸುತ್ತಿದ್ದ ಆಯಾ, ಹನ್ನೆರಡು ಮಂದಿ ರೋಗಿಗಳು ಮತ್ತು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದ ನಾನು. ಆ ಆಸ್ಪತ್ರೆ ಈಗ ಇಲ್ಲ. ಆದ್ದರಿಂದ ಅದರ ಹೆಸರು ಬರೆಯುವುದಿಲ್ಲ. ರೋಗಿಗಳ ಹೆಸರುಗಳನ್ನೂ ಬದಲಿಸಿದ್ದೇನೆ.

ನಾನು ಕೆಲಸ ಕಲಿತದ್ದು ಹಳೆಯ ಕಾಲದ ಮೇಟ್ರನ್ ಒಬ್ಬರ ಕೈಕೆಳಗೆ. ಮಂಚದ ಚಕ್ರಗಳೆಲ್ಲ ಒಂದೇ ದಿಕ್ಕಿಗೆ ತಿರುಗಿರಬೇಕು, ದಿಂಬಿನ ಚೀಲದ ಬಾಯಿ ಬಾಗಿಲಿಗೆ ಕಾಣಬಾರದು, ಎಂಟು ಗಂಟೆಗೆ ಎಂದರೆ ಏಳು ಐವತ್ತಕ್ಕೆ ಬಂದಿರಬೇಕು. ಇಪ್ಪತ್ತೊಂದು ವರ್ಷ ನಾನು ಇದನ್ನು ಬಿಡದೆ ನಡೆಸಿದ್ದೆ. ನನ್ನ ವಾರ್ಡಿನ ಇನ್ನೊಂದು ನಿಯಮ ಇಸ್ಪೀಟಿಗೆ ಸಂಬಂಧಿಸಿದ್ದು. ರೋಗಿಗಳ ಕಡೆಯವರು ಜಗುಲಿಯಲ್ಲಿ ಕೂತು ಎಲೆ ಆಡುವುದು ಸಾಮಾನ್ಯ. ಕಂಡ ಕೂಡಲೇ ಕಟ್ಟನ್ನು ಕಿತ್ತು ಡ್ರಾಯರಿಗೆ ಹಾಕುತ್ತಿದ್ದೆ. ಊರಿಗೆ ಹೋಗುವಾಗ ಕೇಳಿದವರಿಗೆ ವಾಪಸ್ಸು. ಆ ದಿನ ನನ್ನ ಡ್ರಾಯರಿನಲ್ಲಿ ಏಳು ಕಟ್ಟುಗಳಿದ್ದವು. ಅವುಗಳಲ್ಲಿ ಎಕ್ಕ ಯಾವುದು, ಜಾಕಿ ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ಒಂದು ಶಿಸ್ತು ಎಂದುಕೊಂಡಿದ್ದೆ.

ಹನ್ನೊಂದನೇ ಹಾಸಿಗೆಯಲ್ಲಿ ಮಾದಯ್ಯ ಇದ್ದರು. ವಯಸ್ಸು ಐವತ್ತೆಂಟು, ತಿ. ನರಸೀಪುರದ ಆಚೆ ಹೊಳೆ ಪಕ್ಕದ ಹಳ್ಳಿಯವರು, ಗಾರೆ ಮೇಸ್ತ್ರಿ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಜೊತೆಗೆ ಮಾತು. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೀಗಾಗುತ್ತದೆ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಮನಸ್ಸಿನಲ್ಲಿರುವುದು ನಾಲಿಗೆಗೆ ಬರುವುದಿಲ್ಲ. ಕೆಲವರಿಗೆ ಒಂದೇ ಒಂದು ಮಾತು ಉಳಿದುಕೊಳ್ಳುತ್ತದೆ, ಎಲ್ಲಕ್ಕೂ ಅದೇ ಬರುತ್ತದೆ. ಮಾದಯ್ಯನವರಿಗೆ ಉಳಿದದ್ದು "ಬತ್ತೀನಿ", ಎಂದರೆ ಬರುತ್ತೇನೆ. ನೀರು ಬೇಕಾದರೆ ಬತ್ತೀನಿ, ನೋವಾದರೆ ಬತ್ತೀನಿ, ಸಿಟ್ಟು ಬಂದರೆ ದೊಡ್ಡ ದನಿಯಲ್ಲಿ ಬತ್ತೀನಿ ಬತ್ತೀನಿ. ಹೌದು, ಅಲ್ಲ ಎಂಬುದೂ ನಂಬುವ ಹಾಗಿರಲಿಲ್ಲ. ಪೆನ್ನು ತೋರಿಸಿ "ಇದು ಪೆನ್ನಾ?" ಎಂದರೆ ಹೌದೆಂದು ತಲೆ ಆಡಿಸುತ್ತಿದ್ದರು, "ಇದು ಚಮಚಾನಾ?" ಎಂದರೂ ಆಡಿಸುತ್ತಿದ್ದರು. ವಾರ್ಡಿನಲ್ಲಿ ಎಲ್ಲರೂ ಅವರ ಎದುರಿಗೇ ಅವರ ವಿಷಯವನ್ನು ಗೋಡೆಯ ಮುಂದೆ ಮಾತಾಡಿದಂತೆ ಮಾತಾಡುತ್ತಿದ್ದರು. ನಾನೂ ಅಷ್ಟೇ.

ಅವರು ನಮ್ಮಲ್ಲಿಗೆ ಬಂದದ್ದು ಸ್ಟ್ರೋಕಿಗಲ್ಲ, ಬಲಗಾಲಿಗೆ. ಬಿದ್ದ ಕಾಲಿಗೆ ಶಾಖ ಕೊಟ್ಟರೆ ಜೀವ ಬರುತ್ತದೆ ಎಂದು ಹೆಂಡತಿ ಪುಟ್ಟಮ್ಮ ದಿನವೂ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಪಾದಕ್ಕೆ ಇಡುತ್ತಿದ್ದರು. ಸಕ್ಕರೆ ಕಾಯಿಲೆಯೂ ಇದ್ದ ಕಾಲು, ಅದಕ್ಕೆ ಬಿಸಿ ತಿಳಿಯಲಿಲ್ಲ, ಚರ್ಮ ಸುಟ್ಟದ್ದೂ ತಿಳಿಯಲಿಲ್ಲ. ಗಾಯ ಕೊಳೆತು ಬೆರಳುಗಳು ಕಪ್ಪಾದ ಮೇಲೆ ಕರೆದುಕೊಂಡು ಬಂದರು. ಇದಕ್ಕೆ ಗ್ಯಾಂಗ್ರೀನ್ ಎಂದು ಹೆಸರು. ಸತ್ತ ಮಾಂಸದ ವಿಷ ಮೇಲಕ್ಕೆ ಏರುತ್ತದೆ.

ಅಡ್ಮಿಟ್ ಆದ ಮೊದಲನೇ ದಿನವೇ ಪುಟ್ಟಮ್ಮ ನನ್ನನ್ನು ಸ್ಟೋರಿನ ಹತ್ತಿರ ನಿಲ್ಲಿಸಿ ಹೇಳಿದ್ದರು. "ಸಿಸ್ಟ್ರಮ್ಮಾ, ನಿಮ್ ಕಾಲಿಗ್ ಬೀಳ್ತೀನಿ. ಆ ಕಾಲ್ನ ಅವರ್ಗೆ ತೋರುಸ್ಬ್ಯಾಡಿ. ನಾನೇ ಇಟ್ಗೆ ಮಡುಗ್ದೋಳು. ನೋಡುದ್ರೆ ಎದೆ ಒಡ್ಕತಾರೆ."

ನಾನು ಒಪ್ಪಿದ್ದೆ. ಒಪ್ಪಲು ಕಷ್ಟವೂ ಇರಲಿಲ್ಲ. ಡ್ರೆಸ್ಸಿಂಗ್ ಬದಲಿಸುವಾಗ ರೋಗಿ ಮತ್ತು ಗಾಯದ ನಡುವೆ ಬಟ್ಟೆಯ ಸ್ಕ್ರೀನ್ ನಿಲ್ಲಿಸುವುದು ನಮ್ಮಲ್ಲಿ ಮೊದಲಿನಿಂದ ಇದ್ದ ಪದ್ಧತಿ. ಒಂಬತ್ತು ದಿನ, ದಿನಕ್ಕೆರಡು ಸಲ, ಹದಿನೆಂಟು ಡ್ರೆಸ್ಸಿಂಗ್. ಹದಿನೆಂಟು ಸಲವೂ ಸ್ಕ್ರೀನ್ ನಿಲ್ಲಿಸಿದ್ದೆವು.

ಸರ್ಜನ್ ಡಾ. ಜಯಪ್ರಕಾಶ್ ಮೈಸೂರಿನಿಂದ ಮಂಗಳವಾರ ಮತ್ತು ಶುಕ್ರವಾರ ಬರುತ್ತಿದ್ದರು. ಹಿಂದಿನ ಶುಕ್ರವಾರ ಬೆರಳುಗಳಲ್ಲಿದ್ದ ಕಪ್ಪು ಈ ಮಂಗಳವಾರ ಪಾದದ ಮೇಲಕ್ಕೆ ಬಂದಿತ್ತು. ಜ್ವರ ನೂರಾ ಎರಡು. ಒಂಬತ್ತು ಗಂಟೆಯ ರೌಂಡ್ಸಿನಲ್ಲಿ ಅವರು ಪುಟ್ಟಮ್ಮನಿಗೆ ನೇರವಾಗಿ ಹೇಳಿದರು.

"ಮಂಡಿ ಕೆಳಗೆ ತೆಗೀಬೇಕಮ್ಮ. ಇವತ್ತೇ. ಶುಕ್ರವಾರದ ತನಕ ಕಾದ್ರೆ ತೊಡೆವರೆಗೂ ತೆಗೀಬೇಕಾಗತ್ತೆ. ಅಥವಾ ತೆಗಿಯೋಕೆ ಮನುಷ್ಯನೇ ಇರಲ್ಲ."

ಮಾದಯ್ಯ ಕಾಲನ್ನು ಮುಟ್ಟಿದಾಗಲೆಲ್ಲ ತಲೆಯನ್ನು ಅತ್ತಿತ್ತ ಜೋರಾಗಿ ಆಡಿಸುತ್ತ "ಬತ್ತೀನಿ ಬತ್ತೀನಿ" ಎಂದು ಕೂಗಿದರು. ಅದು ಬೇಡ ಎಂದೋ, ಏನೂ ತಿಳಿಯದ ಕೂಗೋ, ಯಾರಿಗೂ ಗೊತ್ತಾಗಲಿಲ್ಲ. ಆಪರೇಷನ್ನಿಗೆ ಒಪ್ಪಿಗೆ ಪತ್ರ ಬೇಕು. ರೋಗಿಗೆ ತಿಳಿವಳಿಕೆ ಇದ್ದರೆ ಅವನದೇ ಸಹಿ ಅಥವಾ ಹೆಬ್ಬೆಟ್ಟು. ಇಲ್ಲದಿದ್ದರೆ ಹತ್ತಿರದ ಸಂಬಂಧಿಯದು.

"ನಾನ್ ಒತ್ತಿದ್ರೆ ನಾನೇ ಕಡ್ದಂಗೆ ಸಾ," ಎಂದರು ಪುಟ್ಟಮ್ಮ. "ಸುಟ್ಟೋಳೂ ನಾನೇ, ಕಡ್ಸೋಳೂ ನಾನೇನಾ? ಅವ್ರೇ ಊಂ ಅನ್ಲಿ."

"ಅವ್ರಿಗೆ ಅರ್ಥ ಆಗ್ತಿಲ್ಲವಲ್ಲಮ್ಮ," ಎಂದು ಡಾಕ್ಟರ್ ಮೂರೂವರೆಗೆ ಥಿಯೇಟರ್ ಸಿದ್ಧಮಾಡಲು ಹೇಳಿ ಮುಂದಿನ ಹಾಸಿಗೆಗೆ ಹೋದರು.

ಹತ್ತೂಕಾಲಿಗೆ ನಾನು ಜಗುಲಿಯ ಕಡೆ ಹೋದೆ. ಎಂಟನೇ ಕಟ್ಟು ಸಿಕ್ಕಿತು. ಹದಿನಾರು ಎಂಬ ಊರಿನ ರಾಚಪ್ಪ, ಮೂವತ್ತರ ಆಸುಪಾಸಿನ ರೈತ, ಅವನ ತಂದೆ ಹರ್ನಿಯಾ ಆಪರೇಷನ್ ಆಗಿ ಒಂಬತ್ತನೇ ಹಾಸಿಗೆಯಲ್ಲಿದ್ದರು. ರಾಚಪ್ಪ ಇನ್ನಿಬ್ಬರನ್ನು ಕಟ್ಟಿಕೊಂಡು, ಮಾದಯ್ಯನವರ ಮಂಚದ ಪಕ್ಕದ ಕಿಟಕಿಯ ಹೊರಗೆ, ಟವೆಲ್ ಹಾಸಿ ಆಡುತ್ತಿದ್ದ. ನನ್ನನ್ನು ಕಂಡು ಮೂವರೂ ಎದ್ದರು.

"ದುಡ್ಡಿಲ್ಲ ಸಿಸ್ಟ್ರಮ್ಮಾ, ಬರೀ ಉಣ್ಸೆಬೀಜ!" ಎಂದು ರಾಚಪ್ಪ ಮುಷ್ಟಿ ಬಿಚ್ಚಿ ತೋರಿಸಿದ.

"ಬೀಜವಾದರೂ ಅಷ್ಟೆ. ಕೊಡಿ ಇಲ್ಲಿ."

"ಕೊಡ್ತೀನಿ. ಇದೊಂದ್ ಆಟ ಗೆದ್ದೋನ್ ಯಾರು ಅಂತ ತೀರ್ಮಾನ ಆಗ್ಲಿ. ನಂದು ಕಲರ್, ಬೀಜ ಬಾಚ್ಕಂಡಿದ್ದೆ. ಆ ಯಜಮಾನ್ರು ಕಿಟ್ಕೀಲಿ ಕೂಗಿ ಗಲಾಟೆ ಮಾಡಿ ನಿಲ್ಸುದ್ರು. ನೋಡುದ್ರೆ ಇವನ ತಾವ ಸೀಕ್ವೆನ್ಸ್ ಅದೆ. ದಡ್ಡ, ಅವನ್ಗೇ ಗೊತ್ತಿಲ್ಲ!"

ನಾನು ಕಿಟಕಿಯತ್ತ ತಿರುಗಿದೆ. ಮಾದಯ್ಯ ಎಡಗೈಯನ್ನು ಸರಳುಗಳ ನಡುವಿನಿಂದ ಹೊರಗೆ ಚಾಚಿ, ರಾಚಪ್ಪನ ಎದುರಾಳಿಯ ಎಲೆಗಳನ್ನೇ ಬೆರಳಿನಿಂದ ತೋರಿಸುತ್ತಿದ್ದರು. ಕಣ್ಣಿನಲ್ಲಿ ಗೊಂದಲ ಇರಲಿಲ್ಲ. ಸಿಟ್ಟಿತ್ತು. ಕೆಲಸ ಸರಿ ಮಾಡದ ಆಳಿನ ಮೇಲೆ ಮೇಸ್ತ್ರಿಗೆ ಬರುವ ಸಿಟ್ಟು.

ಪುಟ್ಟಮ್ಮನನ್ನು ಕೇಳಿದೆ. "ಯುಗಾದಿ ಹೊಸತೊಡಕಿಗೆ ನಮ್ಮೂರಲ್ಲಿ ಎಲೆ ಆಡೋರ್ಗೆಲ್ಲ ಇವರೇ ಪಂಚಾಯ್ತಿ," ಎಂದರು. "ಯಾವ್ದು ದೊಡ್ದು ಯಾವ್ದು ಚಿಕ್ದು ಅಂತ ಜಗಳ ಬಂದ್ರೆ ಇವರ್ನೇ ಕರೀತಿದ್ರು."

ಆಡಲು ಬಿಡಬಾರದೆಂಬ ನಿಯಮವನ್ನು ನಾನೇ ಮುರಿದೆ. ಕಟ್ಟನ್ನು ಡ್ರಾಯರಿಗೆ ಹಾಕದೆ ಡಾಕ್ಟರ ಕೋಣೆಗೆ ತೆಗೆದುಕೊಂಡು ಹೋದೆ. ಮಾತಿನಿಂದ ಪರೀಕ್ಷಿಸಲಾಗದ ಬುದ್ಧಿಯನ್ನು ಎಲೆಯಿಂದ ಪರೀಕ್ಷಿಸಬಹುದೇ ಎಂದು ಕೇಳಿದೆ. ಡಾ. ಜಯಪ್ರಕಾಶ್ ನಕ್ಕರು, ಆದರೆ ಎದ್ದರು. ಅವರು ವಯಸ್ಸಿನಲ್ಲಿದ್ದಾಗ ಎರಡು ವರ್ಷ ಹಡಗಿನ ಡಾಕ್ಟರಾಗಿದ್ದವರು. ಅಲ್ಲಿ ಪೋಕರ್ ಕಲಿತಿದ್ದರು.

"ಒಳ್ಳೇ ಐಡಿಯಾ ಸಿಸ್ಟರ್. ಕೈಗಳ ದರ್ಜೆ ನೆನಪಿದೆ ಅಂದ್ರೆ ನೆನಪು, ಹೋಲಿಕೆ, ತೀರ್ಮಾನ ಮೂರೂ ಇದೆ ಅಂತ ಅರ್ಥ."

ಊಟದ ತಟ್ಟೆ ಇಡುವ ಮಂಚದ ಮೇಜಿನ ಮೇಲೆ ಅವರು ಐದೈದು ಎಲೆಗಳ ಎರಡು ಸಾಲು ಹಾಸಿದರು. ಪೋಕರ್ ಐದೆಲೆಯ ಆಟ. ದೊಡ್ಡ ಸಾಲು ಯಾವುದೋ ಅದರ ಮೇಲೆ ಕೈಯಿಡಿ ಎಂದು ಸನ್ನೆ ಮಾಡಿದರು. ಮಾದಯ್ಯ ಸ್ವಲ್ಪ ಹೊತ್ತು ನೋಡಿ, ಎರಡೂ ಸಾಲಿನಿಂದ ಎರಡೆರಡು ಎಲೆ ತೆಗೆದು ಪಕ್ಕಕ್ಕೆ ತಳ್ಳಿ, ಆಮೇಲೆ ಒಂದರ ಮೇಲೆ ಕೈಯಿಟ್ಟರು. ಜೋಡಿ ಇದ್ದ ಸಾಲು. ಸರಿ. ಎರಡನೆಯದೂ ಸರಿ. ಮೂರನೆಯದರಲ್ಲಿ ಒಂದು ಕಡೆ ಐದು, ಆರು, ಏಳು, ಎಂಟು, ಒಂಬತ್ತು, ಗುರುತು ಬೇರೆ ಬೇರೆ. ಇನ್ನೊಂದು ಕಡೆ ಐದೂ ಎಲೆ ಆಟೀನು, ಎಂದರೆ ಕೆಂಪು ಹೃದಯದ ಗುರುತು, ಸಂಖ್ಯೆ ಮಾತ್ರ ಸಾಲಾಗಿಲ್ಲ. ಮಾದಯ್ಯ ಮತ್ತೆ ಎರಡೆರಡು ಎಲೆ ತಳ್ಳಿ, ಸಂಖ್ಯೆಯ ಸಾಲಿನ ಮೇಲೆ ಕೈಯಿಟ್ಟರು. ಡಾಕ್ಟರ್ ನನ್ನ ಕಡೆ ನೋಡಿ ತಪ್ಪು ಎಂಬಂತೆ ತಲೆಯಾಡಿಸಿದರು. ಅದೇ ಬಗೆಯ ಇನ್ನೊಂದು ಜೊತೆ ಹಾಸಿದರು. ಮತ್ತೆ ಅದೇ. ಐದನೆಯದು ಸರಿ.

"ಐದರಲ್ಲಿ ಎರಡು ತಪ್ಪು. ಜೊತೆಗೆ ಎಲೆ ಕಿತ್ತು ಎಸೀತಾರೆ. ಸುಮ್ನೆ ಊಹೆ ಮಾಡಿದ್ರೂ ಇಷ್ಟು ಸರಿ ಬರತ್ತೆ ಸಿಸ್ಟರ್," ಎಂದು ಅವರು ಕೇಸ್ ಶೀಟ್ ಎಳೆದುಕೊಂಡರು. ರೋಗಿಗೆ ಗ್ರಹಿಕೆ ಇಲ್ಲ, ಒಪ್ಪಿಗೆ ಹೆಂಡತಿಯಿಂದ ಪಡೆಯುವುದು ಎಂದು ಬರೆದು, ಸಮಯ 11.10 ಎಂದು ಹಾಕಿ, ಸಹಿ ಮಾಡಿದರು.

ಮಾದಯ್ಯ ಮೇಜನ್ನು ಗುದ್ದಿದರು. "ಬತ್ತೀನಿ! ಬತ್ತೀನಿ!"

ಪುಟ್ಟಮ್ಮನ ಮುಂದೆ ಇಂಕ್ ಪ್ಯಾಡ್ ಇಟ್ಟದ್ದು ನಾನೇ. ಅವರು ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕೂತರು. "ಊಟದೊತ್ತು ಕಳೀಲಿ ಸಿಸ್ಟ್ರಮ್ಮಾ," ಎಂದರು. ನಾನು ಬಲವಂತ ಮಾಡಲಿಲ್ಲ. ಹನ್ನೆರಡರ ಟೆಂಪರೇಚರ್ ತೆಗೆಯಲು ಹೊರಟೆ.

ಥರ್ಮಾಮೀಟರ್ ಒರೆಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ನನ್ನ ವಾರ್ಡಿನಲ್ಲಿ ಒಂದು ಹಳೆಯ ಥರ್ಮಾಮೀಟರ್ ಇತ್ತು. ಯಾರ ಬಾಯಿಗಿಟ್ಟರೂ ನಿಜವಾದ ಜ್ವರಕ್ಕಿಂತ ಎರಡು ಪಾಯಿಂಟ್ ಹೆಚ್ಚು ತೋರಿಸುತ್ತಿತ್ತು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸಿದ್ದರೆ ಎಸೆಯುತ್ತಿದ್ದೆ. ಯಾವಾಗಲೂ ಎರಡೇ ಹೆಚ್ಚಾದ್ದರಿಂದ ಇಟ್ಟುಕೊಂಡಿದ್ದೆ. ಕೆಟ್ಟುಹೋದದ್ದು ಒಂದೊಂದು ಸಲ ಒಂದೊಂದು ರೀತಿ ತಪ್ಪುತ್ತದೆ. ಮಾದಯ್ಯ ಎರಡು ಸಲ ತಪ್ಪಿದ್ದರು, ಎರಡೂ ಒಂದೇ ಜಾಗದಲ್ಲಿ. ಎರಡೆರಡು ಎಲೆ ತಳ್ಳಿದ್ದೂ ಐದು ಸಲವೂ ಒಂದೇ ಕ್ರಮದಲ್ಲಿ. ಹುಚ್ಚು ಕೈ ಹಾಗೆ ಲೆಕ್ಕವಿಟ್ಟು ತಳ್ಳುವುದಿಲ್ಲ.

ಜಗುಲಿಗೆ ಹೋದೆ. ರಾಚಪ್ಪ ತಂದೆಗೆ ಮುದ್ದೆ ತಿನ್ನಿಸಲು ಎದ್ದಿದ್ದವನು ನನ್ನನ್ನು ಕಂಡು ಕೈ ಮುಗಿದ. "ಇನ್ನೊಂದ್ ಕಟ್ಟಿಲ್ಲ ಅಮ್ಮಾರೆ, ಬೇಕಾರೆ ಜೇಬ್ ನೋಡಿ."

"ಕಟ್ಟು ಬೇಡ. ನಿಮ್ಮ ಆಟದಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು, ಮೇಲಿಂದ ಕೆಳಗೆ ಹೇಳಿ. ಬರ್ಕೋತೀನಿ."

"ಯಾಕೆ, ಪೊಲೀಸ್ರಿಗ್ ಕೊಡಕಾ?"

"ಕಲಿಯೋಕೆ."

ಅವನು ವಾರ್ಡಿಗೆ ಕೇಳುವಂತೆ ಕೂಗಿದ. "ಅಪ್ಪೋ! ಕೇಳುಸ್ತಾ? ನಾಕ್ನೇ ಕ್ಲಾಸಿಗೇ ಇಸ್ಕೂಲ್ ಬುಟ್ಟೋನು ಸಿಸ್ಟ್ರಮ್ಮನ್ಗೆ ಪಾಠ ಏಳ್ತಾವ್ನಿ!"

"ನಗುಸ್ಬ್ಯಾಡ ಕಣ್ಲಾ," ಎಂದು ಒಂಬತ್ತನೇ ಹಾಸಿಗೆಯಿಂದ ದನಿ ಬಂತು. "ಒಲ್ಗೆ ಎಳೀತದೆ."

ಅವನು ಹೇಳಿದ, ನಾನು ಟೆಂಪರೇಚರ್ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ಅವರದು ಮೂರೆಲೆ ಆಟ. ಒಬ್ಬೊಬ್ಬನಿಗೆ ಮೂರೇ ಎಲೆ. ಮೂರೂ ಒಂದೇ ಬಗೆಯಾದರೆ, ಎಂದರೆ ಮೂರು ರಾಜ ಅಥವಾ ಮೂರು ಒಂಬತ್ತು, ಅದು ಟ್ರಯಲ್, ಎಲ್ಲಕ್ಕಿಂತ ದೊಡ್ಡದು. ಒಂದೇ ಗುರುತಿನ ಮೂರು ಎಲೆ ಸಾಲಾಗಿ ಬಂದರೆ ಪ್ಯೂರ್ ಸೀಕ್ವೆನ್ಸ್. ಗುರುತು ಬೇರೆ ಬೇರೆಯಾಗಿ ಸಂಖ್ಯೆ ಮಾತ್ರ ಸಾಲಾಗಿದ್ದರೆ ಬರೀ ಸೀಕ್ವೆನ್ಸ್. ಅದಾದ ಮೇಲೆ ಕಲರ್. ಗುರುತು ಒಂದೇ, ಸಂಖ್ಯೆ ಹೇಗಾದರೂ ಇರಲಿ. ಆಮೇಲೆ ಜೋಡಿ. ಕೊನೆಗೆ ಏನೂ ಕೂಡಿಬರದ ಬಿಡಿ ಎಲೆ.

"ನಿಲ್ಲಿ. ಸೀಕ್ವೆನ್ಸ್ ಮೇಲೋ, ಕಲರ್ ಮೇಲೋ?"

"ಸೀಕ್ವೆನ್ಸೇ ಮೇಲು. ಕೇಳೋದೇನು? ಬೆಳಿಗ್ಗೆ ನಾನ್ ಸೋತಿದ್ ಅದ್ರಲ್ಲೇ ಅಲ್ವಾ!"

"ಐದು ಎಲೆ ಕೊಟ್ಟರೆ?"

"ಐದ್ಯಾಕ್ ಕೊಡ್ತಾರೆ? ಕೊಟ್ರೆ ಎರಡು ಬಿಸಾಕಿ ಒಳ್ಳೇವು ಮೂರು ಮಡೀಕತೀನಿ."

ಇಷ್ಟಕ್ಕೆ ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅವನು ಬಿಡಲಿಲ್ಲ, ಪಾಠ ಪೂರ್ತಿ ಮಾಡಿದ. ಕೈಯಲ್ಲಿ ಸತ್ವವಿಲ್ಲ ಎನಿಸಿದರೆ ಎಲೆ ಮಗುಚಿ ಕೆಳಗಿಡುವುದು ಪ್ಯಾಕ್. ಆಟದಿಂದ ಹೊರಗೆ ಬಂದ ಹಾಗೆ. ಕೊನೆಗೆ ಇಬ್ಬರೇ ಉಳಿದಾಗ ಎದುರಾಳಿಯನ್ನು ಎಲೆ ತೆರೆಯಲು ಕೇಳುವುದು ಷೋ. "ಷೋ ಕೇಳುದ್ಮೇಲೆ ಮುಚ್ಕಂಡ್ ಕೂರಂಗಿಲ್ಲ ಅಮ್ಮಾರೆ. ತೆಗೀಲೇಬೇಕು."

ಡಾಕ್ಟರು ಇನ್ನೊಂದು ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದಾಗ ಪಟ್ಟಿಯನ್ನು ಅವರ ಮುಂದೆ ಹಿಡಿದೆ. ಒಂದೂ ಇಪ್ಪತ್ತು ಆಗಿತ್ತು. ಓದಿದರು, ಮತ್ತೆ ಓದಿದರು. "ನಾನು ಹಡಗಿನ ಕಾನೂನು ತಂದು ಹಳ್ಳಿಯವರ ಮೇಲೆ ಹಾಕಿದೆ," ಎಂದರು. ಪೋಕರಿನಲ್ಲಿ ಕಲರ್ ಸೀಕ್ವೆನ್ಸನ್ನು ಸೋಲಿಸುತ್ತದೆ. ಮೂರೆಲೆಯಲ್ಲಿ ತಿರುಗುಮುರುಗು.

ಯಾಕೆ ಹೀಗೆಂದು ಮುಂದೆ ಎಷ್ಟೋ ದಿನ ಬಿಟ್ಟು ನಮ್ಮ ಬೀದಿಯ ಗಣಿತದ ಮೇಷ್ಟರನ್ನು ಕೇಳಿದೆ. ಅವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಐವತ್ತೆರಡು ಎಲೆಗಳಿಂದ ಮೂರು ಎಲೆಗಳನ್ನು 22,100 ರೀತಿಯಲ್ಲಿ ತೆಗೆಯಬಹುದು. ಅದರಲ್ಲಿ ಸೀಕ್ವೆನ್ಸ್ 720 ಸಲ, ಕಲರ್ 1,096 ಸಲ. ಸೀಕ್ವೆನ್ಸ್ ಅಪರೂಪ, ಆದ್ದರಿಂದ ದೊಡ್ಡದು. ಐದು ಎಲೆಗಳಾದರೆ 25,98,960 ರೀತಿ. ಅಲ್ಲಿ ಸೀಕ್ವೆನ್ಸ್ 10,200 ಸಲ, ಕಲರ್ 5,108 ಸಲ. ಈಗ ಕಲರ್ ಅಪರೂಪ. ಎರಡು ಎಲೆ ಹೆಚ್ಚಾದ ಮಾತ್ರಕ್ಕೆ ದೊಡ್ಡದು ಚಿಕ್ಕದಾಯಿತು. ಇನ್ನೊಂದು ತಮಾಷೆಯನ್ನೂ ಮೇಷ್ಟರು ತೋರಿಸಿದರು. ಮೂರೆಲೆಯಲ್ಲಿ ಟ್ರಯಲ್ 52 ಸಲ ಬರುತ್ತದೆ, ಪ್ಯೂರ್ ಸೀಕ್ವೆನ್ಸ್ 48 ಸಲ ಮಾತ್ರ. ಲೆಕ್ಕದ ಪ್ರಕಾರ ಪ್ಯೂರ್ ಮೇಲಿರಬೇಕು, ಆದರೆ ಆಡುವವರು ಟ್ರಯಲನ್ನೇ ಮೇಲಿಟ್ಟಿದ್ದಾರೆ. ದರ್ಜೆ ಎಲ್ಲವೂ ಲೆಕ್ಕದಿಂದ ಬಂದದ್ದಲ್ಲ, ಕೂತು ಆಡುವವರ ಒಪ್ಪಂದದಿಂದಲೂ ಬಂದದ್ದು.

ಎರಡನೇ ಪರೀಕ್ಷೆ ಒಂದೂವರೆಗೆ. ಈ ಸಲ ಡಾಕ್ಟರು ಕಟ್ಟುನಿಟ್ಟಾದರು. ರಾಚಪ್ಪ ಮಂಚದ ತಲೆಯ ಹಿಂದೆ ನಿಲ್ಲಬೇಕು, ಅವನ ಮುಖ ರೋಗಿಗೆ ಕಾಣಬಾರದು, ಕೆಮ್ಮಲೂ ಬಾರದು. ಮೂರು ಮೂರು ಎಲೆಗಳ ಎಂಟು ಜೊತೆ. ಒಂದು, ಎರಡು, ಮೂರು ಎಂದು ನಾನು ಗುರುತು ಹಾಕುತ್ತ ಹೋದೆ. ಏಳೂ ಸರಿ. ಮಾದಯ್ಯನವರ ಎಡಗೈ ಈಗ ತಡವರಿಸಲಿಲ್ಲ. ಎಲೆ ಬೀಳುವ ಮೊದಲೇ ಕಾಯುತ್ತಿತ್ತು. ಎಂಟನೆಯದರಲ್ಲಿ ಒಂದು ಕಡೆ ಎಕ್ಕ, ಎರಡು, ಮೂರು. ಇನ್ನೊಂದು ಕಡೆ ಎಕ್ಕ, ರಾಜ, ರಾಣಿ. ಮಾದಯ್ಯ ಎಕ್ಕ, ಎರಡು, ಮೂರರ ಮೇಲೆ ಕೈಯಿಟ್ಟರು.

ರಾಚಪ್ಪನಿಗೆ ತಡೆಯಲಾಗಲಿಲ್ಲ. "ಇದ್ ತಪ್ಪು ಸಾ! ರಾಜ ರಾಣಿ ಇರೋದೇ ದೊಡ್ದು!"

ಮಾದಯ್ಯ ಕತ್ತು ತಿರುಗಿಸಲು ಒದ್ದಾಡಿದರು. "ಬತ್ತೀನಿ!"

"ನಮ್ ಕಡೆ ಎಕ್ಕ ಎರಡು ಮೂರೇ ದೊಡ್ದು," ಎಂದರು ಪುಟ್ಟಮ್ಮ, ಆ ದಿನ ಮೊದಲ ಬಾರಿಗೆ ದನಿ ಏರಿಸಿ. "ನಿಮ್ಮೂರ್ದು ನಿಮ್ಮೂರಲ್ಲಿ ಮಡೀಕ ಓಗಪ್ಪ."

"ಒಳೆ ದಾಟುದ್ರೆ ಕಾನೂನೇ ಬ್ಯಾರೆನಾ?"

"ಊಂ, ಬ್ಯಾರೆನೇ."

ಡಾಕ್ಟರು ನಕ್ಕು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ಎಂಟಕ್ಕೆ ಎಂಟು ಎಂದು ಬರೆದರು. ಕೇಸ್ ಶೀಟಿನಲ್ಲಿ ಬೆಳಗಿನ ಸಾಲನ್ನು ಓದಲು ಬರುವಂತೆ ಒಂದೇ ಗೆರೆಯಲ್ಲಿ ಹೊಡೆದು, ರೋಗಿಗೆ ಗ್ರಹಿಕೆ ಇದೆ ಎಂದು ಸೇರಿಸಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಮಾದಯ್ಯನವರ ಮುಖದ ಎದುರು ಕೂತು, ಒಂಬತ್ತು ದಿನಗಳಲ್ಲಿ ಮೊದಲ ಸಲ, ಅವರಿಗೇ ಹೇಳಿದರು. ಕಾಲು ಕೊಳೆತಿದೆ. ವಿಷ ಏರುತ್ತಿದೆ. ಮಂಡಿ ಕೆಳಗೆ ತೆಗೆದರೆ ಬದುಕುತ್ತೀರಿ. ಬಿಟ್ಟರೆ ಉಳಿಯುವುದು ಕಷ್ಟ.

ಮಾದಯ್ಯ ಕೊನೆಯವರೆಗೂ ಕೇಳಿದರು. ತಲೆಯನ್ನು ಅತ್ತಿತ್ತ ಆಡಿಸಿ, ಎಡಗೈಯನ್ನೂ ಅಡ್ಡ ಬೀಸಿದರು. ಬೇಡ.

ಆ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಅವರಿಗೆ ಬುದ್ಧಿಯಿದೆ ಎಂದು ತೋರಿಸಲು ಇಷ್ಟು ಓಡಾಡಿದವಳು ನಾನು. ಈಗ ಆ ಬುದ್ಧಿಯಿಂದಲೇ ಅವರು ಬೇಡ ಎನ್ನುತ್ತಿದ್ದಾರೆ. ತಿಳಿವಳಿಕೆ ಇರುವವನು ಬೇಡ ಎಂದ ಮೇಲೆ ಹೆಂಡತಿಯ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ಬೆಳಗಿನ ಸಾಲೇ ಉಳಿದು ಪುಟ್ಟಮ್ಮ ಒತ್ತಿದ್ದರೆ ಕಾಲು ಹೋಗಿ ಜೀವ ಉಳಿಯುತ್ತಿತ್ತು. ಡಾಕ್ಟರು ನನ್ನ ಕಡೆ ನೋಡಿದ್ದೂ ಅದೇ ಅರ್ಥದಲ್ಲಿ.

ಅಷ್ಟರಲ್ಲಿ ಮಾದಯ್ಯ ಮೇಜಿನ ಮೇಲೆ ಮಗುಚಿ ಬಿದ್ದಿದ್ದ ಮೂರು ಎಲೆಗಳನ್ನು ಎಳೆದುಕೊಂಡರು. ಒಂದೊಂದಾಗಿ ತೆರೆದು ಇಟ್ಟರು. ಬೆರಳಿನಿಂದ ಅವುಗಳ ಮೇಲೆ ಬಡಿದರು, ಆಮೇಲೆ ಬ್ಯಾಂಡೇಜು ಸುತ್ತಿದ್ದ ಪಾದದ ಕಡೆ ಬೆರಳು ಮಾಡಿದರು. ಮತ್ತೆ ಎಲೆಯ ಮೇಲೆ, ಮತ್ತೆ ಪಾದದ ಕಡೆ. ಡಾಕ್ಟರಿಗೆ ತಿಳಿಯಲಿಲ್ಲ. ಮಂಚದ ಹಿಂದಿನಿಂದ ರಾಚಪ್ಪ ಮೆಲ್ಲಗೆ ಹೇಳಿದ.

"ಸಾ, ಷೋ ಕೇಳ್ತಾವ್ರೆ."

ಅವರಿಗೆ ಆ ಪಾದದಲ್ಲಿ ನೋವಿರಲಿಲ್ಲ. ಕಣ್ಣಿಗೂ ಕಂಡಿರಲಿಲ್ಲ. ಬಿಳಿ ಬಟ್ಟೆ ಸುತ್ತಿದ ಒಂದು ಗಂಟನ್ನು ತೋರಿಸಿ, ಇದು ಕೊಳೆತಿದೆ, ಕೊಟ್ಟುಬಿಡು ಎಂದರೆ ಯಾವ ಆಟಗಾರ ಕೊಡುತ್ತಾನೆ? ಹದಿನೆಂಟು ಸಲ ಸ್ಕ್ರೀನ್ ನಿಲ್ಲಿಸಿದವಳು ನಾನು.

"ಬ್ಯಾಡಿ ಸಿಸ್ಟ್ರಮ್ಮಾ," ಎಂದು ಪುಟ್ಟಮ್ಮ ನನ್ನ ಸೀರೆಯ ಸೆರಗು ಹಿಡಿದರು. "ನಂಗ್ ಮಾತ್ ಕೊಟ್ಟಿದ್ರಿ."

"ತಪ್ಪು ಮಾತು ಕೊಟ್ಟಿದ್ದೆ ಪುಟ್ಟಮ್ಮ," ಎಂದೆ. ಸೆರಗನ್ನು ಬಿಡಿಸಿಕೊಂಡು, ಕೈ ತೊಳೆದು, ಡ್ರೆಸ್ಸಿಂಗ್ ಟ್ರೇ ತಂದೆ. ಸ್ಕ್ರೀನನ್ನು ಉಳಿದ ವಾರ್ಡಿನ ಕಡೆಗೆ ನಿಲ್ಲಿಸಿದೆ, ಅವರ ಕಡೆಗಲ್ಲ. ದಿಂಬು ಕೊಟ್ಟು ಅವರ ಬೆನ್ನು ಎತ್ತಿದೆ. ಬ್ಯಾಂಡೇಜು ಬಿಚ್ಚಿದೆ, ಗಾಜ್ ತೆಗೆದೆ, ಕಾಲಿನ ಕೆಳಗೆ ಸುತ್ತಿದ ಕಂಬಳಿಯಿಟ್ಟು ಅವರ ಕಣ್ಣಿಗೆ ನೇರ ಬರುವಂತೆ ಎತ್ತರಿಸಿದೆ.

ಮಾದಯ್ಯ ನೋಡಿದರು. ಎಡಗೈ ಚಾಚಿದರು. ನಾನು ತಡೆಯಲಿಲ್ಲ, ಅವರ ಕೈಗೆ ಗ್ಲೌಸ್ ಹಾಕಿ ಮುಟ್ಟಲು ಬಿಟ್ಟೆ. ಕಪ್ಪಾದ ಹೆಬ್ಬೆರಳನ್ನು ಮುಟ್ಟಿದರು, ಒತ್ತಿದರು. ಗೋಡೆಗೆ ಹಾಕಿದ ಗಾರೆ ಬಿಟ್ಟಿದೆಯೋ ಎಂದು ಬೆರಳ ಗೆಣ್ಣಿನಿಂದ ಬಡಿದು ನೋಡುವ ಹಾಗೆ ಪಾದವನ್ನು ಬೆರಳಿನಿಂದ ಮೇಲಕ್ಕೆ ಬಡಿಯುತ್ತ ಬಂದು, ಮೀನಖಂಡದಲ್ಲಿ ಚರ್ಮದ ಬಣ್ಣ ಸರಿಯಾದ ಜಾಗದಲ್ಲಿ ನಿಲ್ಲಿಸಿದರು. ಡಾಕ್ಟರು ಗೆರೆ ಎಳೆಯಬೇಕೆಂದಿದ್ದದ್ದು ಅದಕ್ಕಿಂತ ನಾಲ್ಕು ಬೆರಳು ಮೇಲೆ, ಅಷ್ಟೆ.

ಪುಟ್ಟಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದರು. "ಇಟ್ಗೆ ಮಡುಗ್ದೋಳು ನಾನೇ," ಎಂದರು. "ಜೀವ ಬತ್ತದೆ ಅಂತ ಮಡುಗ್ದೆ."

ಮಾದಯ್ಯ ಬಹಳ ಹೊತ್ತು ಅವರ ಬೆನ್ನನ್ನೇ ನೋಡಿದರು. ಆಮೇಲೆ, ಕೂಗದೆ, ಹೊರಗೆ ಹೊರಟವನು ಮನೆಯವಳಿಗೆ ಹೇಳುವ ಹಾಗೆ ಹೇಳಿದರು.

"ಬತ್ತೀನಿ."

ಮೇಜಿನ ಮೇಲೆ ತೆರೆದಿದ್ದ ಮೂರು ಎಲೆಗಳನ್ನು ಒಂದರ ಮೇಲೊಂದು ಕೂಡಿಸಿದರು. ಮಗುಚಿದರು. ಡಾಕ್ಟರ ಕಡೆಗೆ ತಳ್ಳಿದರು. ಈ ಸಲ ರಾಚಪ್ಪ ಅರ್ಥ ಹೇಳಬೇಕಾಗಲಿಲ್ಲ.

ಆದರೂ ಒಂದು ಸನ್ನೆಯ ಮೇಲೆ ಕಾಲು ತೆಗೆಯುವ ಹಾಗಿಲ್ಲ. ನಾನು ಒಂದು ಹಾಳೆಯಲ್ಲಿ ಎರಡು ಕಾಲಿನ ಮನುಷ್ಯನನ್ನೂ, ಇನ್ನೊಂದರಲ್ಲಿ ಒಂದು ಕಾಲು, ಒಂದು ಊರುಗೋಲಿನ ಮನುಷ್ಯನನ್ನೂ ಬರೆದೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಇಬ್ಬರೂ ಕಾಗೆಗಳ ಹಾಗಿದ್ದರು. ಡಾಕ್ಟರು ಆಪರೇಷನ್ ಎಂದರೆ ಯಾವುದು, ನಿಮಗೆ ಯಾವುದು ಬೇಕು ಎಂದು ಕೇಳಿದರು. ಎಡಬಲ ಬದಲಿಸಿ ಮತ್ತೆ ಕೇಳಿದರು. ಮೂರು ಸಲವೂ ಮಾದಯ್ಯ ಊರುಗೋಲಿನ ಕಾಗೆಯ ಮೇಲೆ ಬೆರಳಿಟ್ಟರು. ಎರಡೂ ನಲವತ್ತಕ್ಕೆ ಒಪ್ಪಿಗೆ ಪತ್ರಕ್ಕೆ ತಮ್ಮ ಎಡಗೈ ಹೆಬ್ಬೆಟ್ಟು ಒತ್ತಿದರು. ಪುಟ್ಟಮ್ಮನ ಹೆಬ್ಬೆರಳು ಶುಭ್ರವಾಗಿಯೇ ಉಳಿಯಿತು. ಅವರು ಸಾಕ್ಷಿಯಾಗಿಯೂ ಒತ್ತಲಿಲ್ಲ. ಸಾಕ್ಷಿ ನಾನು ಮತ್ತು ರಾಚಪ್ಪ.

ಮೂರೂವರೆಗೆ ಸರಿಯಾಗಿ ಥಿಯೇಟರ್ ಬಾಗಿಲು ಮುಚ್ಚಿತು. ಬೆನ್ನಿಗೆ ಇಂಜೆಕ್ಷನ್, ಸೊಂಟದ ಕೆಳಗೆ ಮಾತ್ರ ಅರಿವಳಿಕೆ. ಐದು ಗಂಟೆಗೆ ಹೊರಗೆ ಬಂದರು. ಎಚ್ಚರವಾಗಿಯೇ ಇದ್ದರು. ಮುಂದಿನ ಯುಗಾದಿಯ ಹೊತ್ತಿಗೆ ಅವರು ಊರುಗೋಲಿನಲ್ಲಿ ನಮ್ಮ ವಾರ್ಡಿನ ಬಾಗಿಲಿಗೆ ಬಂದು ನಿಂತದ್ದನ್ನೂ, ಆಗ ಅವರ ಮಾತುಗಳು ಒಂದರಿಂದ ಹತ್ತೋ ಹನ್ನೆರಡೋ ಆಗಿದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಮಾತುಗಳಲ್ಲಿ ಒಂದು "ಪುಟ್ಟಿ".

ಆ ಮೇಲೆ ಹದಿನಾಲ್ಕು ವರ್ಷ ನಾನು ಕೆಲಸ ಮಾಡಿದೆ. ನನ್ನ ಕೈಕೆಳಗೆ ಕಲಿತ ಹುಡುಗಿಯರಿಗೆ ಎರಡು ವಿಷಯ ಹೇಳಿಕೊಡುತ್ತಿದ್ದೆ. ರೋಗಿಯ ಉತ್ತರ ತಪ್ಪೆಂದು ಬರೆಯುವ ಮೊದಲು ಅವನು ಯಾವ ನಿಯಮದಲ್ಲಿ ಆಡುತ್ತಿದ್ದಾನೆ ಎಂದು ಕೇಳಿ. ನಮ್ಮ ಪಟ್ಟಿಯಲ್ಲಿ ಚಿಕ್ಕದಾದದ್ದು ಅವನ ಪಟ್ಟಿಯಲ್ಲಿ ದೊಡ್ಡದಿರಬಹುದು. ಎರಡನೆಯದು, ಅವನ ದೇಹದಿಂದ ಏನನ್ನಾದರೂ ಕೇಳುವ ಮೊದಲು ಅದನ್ನು ಅವನಿಗೆ ತೋರಿಸಿ. ಕರುಣೆಯ ಹೆಸರಿನಲ್ಲಿ ಸ್ಕ್ರೀನ್ ನಿಲ್ಲಿಸುವುದು ನಮಗೆ ಸುಲಭ, ಅದಕ್ಕೇ ನಿಲ್ಲಿಸುತ್ತೇವೆ. ನೋಡಲು ಇಷ್ಟವಿಲ್ಲ ಎಂದು ಅವನೇ ತಿರುಗಿದರೆ ಆಗ ನಿಲ್ಲಿಸಿದರಾಯಿತು.

ಆ ಸಂಜೆ ಆರು ಗಂಟೆಗೆ ಪಾಳಿ ಬದಲಾಗಬೇಕಿತ್ತು. ಡ್ರಾಯರ್ ತೆರೆದು ಏಳು ಕಟ್ಟುಗಳನ್ನು ನೋಡಿ ಮತ್ತೆ ಮುಚ್ಚಿದೆ. ಎಂಟನೆಯದು ರಾಚಪ್ಪನದು. ವಾಪಸ್ಸು ಕೊಡುತ್ತೇನೆ ಎಂದರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ಯಜಮಾನ್ರಿಗ್ ಕೊಡಿ ಅಮ್ಮಾರೆ. ಎಕ್ಕ ಎರಡು ಮೂರು ದೊಡ್ದು ಅಂತ ನಾನೇನ್ ಒಪ್ಪಿಲ್ಲ. ಎದ್ ಕೂತ್ ಮೇಲೆ ಅದೊಂದ್ ತೀರ್ಮಾನ ಆಗ್ಬೇಕು."

ಮಾದಯ್ಯ ನಿದ್ದೆ ಮಾಡುತ್ತಿದ್ದರು. ಪುಟ್ಟಮ್ಮ ಮಂಚದ ಎಡಪಕ್ಕಕ್ಕೆ ಸ್ಟೂಲ್ ಹಾಕಿಕೊಂಡು, ಚೆನ್ನಾಗಿದ್ದ ಕೈಯನ್ನು ಹಿಡಿದು ಕೂತಿದ್ದರು. ನಾನು ಮೇಜಿನ ಮೇಲಿನ ಎಲೆಗಳನ್ನೆಲ್ಲ ಕೂಡಿಸಿ ಎಣಿಸಿದೆ. ಐವತ್ತೊಂದು. ಬಗ್ಗಿ ನೋಡಿದರೆ ಆಟೀನು ಮೂರು ಮಂಚದ ಕೆಳಗೆ, ಚಕ್ರದ ಪಕ್ಕದಲ್ಲಿತ್ತು. ಹೆಕ್ಕಿ, ಒರೆಸಿ, ಸೇರಿಸಿದೆ. ಕಟ್ಟನ್ನು ಅವರ ಮಂಚದ ಪಕ್ಕದ ಲಾಕರಿನೊಳಗಿಟ್ಟು, ರೋಗಿಯ ಸಾಮಾನು ಬರೆಯುವ ಪುಸ್ತಕ ತೆರೆದು, ಹನ್ನೊಂದನೇ ಹಾಸಿಗೆಯ ಸಾಲಿನಲ್ಲಿ, ಸ್ಟೀಲ್ ಲೋಟ ಒಂದು, ಟವೆಲ್ ಎರಡು ಎಂಬುದರ ಕೆಳಗೆ ಬರೆದೆ: ಇಸ್ಪೀಟು ಕಟ್ಟು ಒಂದು, ಎಲೆ ಐವತ್ತೆರಡು, ಎಣಿಸಲಾಗಿದೆ. ಸಹಿ ಹಾಕಿದೆ. ಸಮಯ ಐದು ಐವತ್ತೈದು.